ಉತ್ತರ ಬೇಡ, ನೀನು ಬರೆದ ಹಾಳೆ ಕಳಿಸು

ಪರೀಕ್ಷೆ ಹತ್ತಿರ ಬಂತೆಂದರೆ ಗಂಗಾವತಿಯ ನಮ್ಮ ಓಣಿಯ ಬಿಎಸ್ಸಿ ಹುಡುಗರಿಂದ ವಾಟ್ಸಾಪಿಗೆ ಫೋಟೋ ಬರಲು ಶುರುವಾಗುತ್ತವೆ. ಫೋಟೋದಲ್ಲಿ ಬರೀ ಪ್ರಶ್ನೆ, ಕೆಳಗೆ "ಅಕ್ಕಾರ, ಇದು ಬರವಲ್ದು ನೋಡ್ರಿ" ಅಂತ ಒಂದು ಸಾಲು. ಎಲ್ಲಿ ತನಕ ಬಂತು, ಎಲ್ಲಿ ನಿಂತಿತು, ಒಂದೂ ಇರುವುದಿಲ್ಲ. ಬರೀ ಉತ್ತರ ಬೇಕಿದ್ದರೆ ಈಗ ಫೋನೇ ಕೊಡುತ್ತದೆ, ಅದಕ್ಕೆ ನಾನ್ಯಾಕೆ? ನೀನು ಮಾಡಿದ್ದನ್ನು ಕಳಿಸು, ಗೀಚಿ ಹೊಡೆದುಹಾಕಿದ್ದೂ ಇರಲಿ ಅನ್ನುತ್ತೇನೆ. ವೆಕ್ಟರ್ ಕ್ಯಾಲ್ಕುಲಸ್‌ನಲ್ಲಿ ತಪ್ಪು ಅಡಗಿ ಕೂರುವುದು ಹೊಡೆದುಹಾಕಿದ ಸಾಲುಗಳ ಪಕ್ಕದಲ್ಲೇ.

ಮೊನ್ನೆ ಒಬ್ಬಳು ಹಾಳೆ ಕಳಿಸಿದಳು. ಬಲದ ಎಕ್ಸ್ ಭಾಗ ವೈ ಸ್ಕ್ವೇರ್, ವೈ ಭಾಗ ಎರಡು ಎಕ್ಸ್ ವೈ. ಪೊಟೆನ್ಷಿಯಲ್ ಎನರ್ಜಿ, ಅಂದರೆ ಯು, ಕಂಡುಹಿಡಿಯಬೇಕು. ಕರ್ಲ್, ಅಂದರೆ ವೈ ಭಾಗವನ್ನು ಎಕ್ಸ್‌ಗೆ ಡಿಫರೆನ್ಷಿಯೇಟ್ ಮಾಡಿದ್ದರಿಂದ ಎಕ್ಸ್ ಭಾಗವನ್ನು ವೈಗೆ ಮಾಡಿದ್ದನ್ನು ಕಳೆದದ್ದು, ಸೊನ್ನೆ ಅಂತ ಚೆನ್ನಾಗಿ ತೋರಿಸಿದ್ದಳು. ಆಮೇಲೆ ಮೊದಲ ಭಾಗವನ್ನು ಎಕ್ಸ್‌ಗೆ, ಎರಡನೆಯದನ್ನು ವೈಗೆ ಇಂಟಿಗ್ರೇಟ್ ಮಾಡಿ, ಎರಡನ್ನೂ ಕೂಡಿಸಿ, ಮುಂದೆ ಮೈನಸ್ ಹಾಕಿ, ಮೈನಸ್ ಎರಡು ಎಕ್ಸ್ ವೈ ಸ್ಕ್ವೇರ್ ಅಂತ ಬರೆದು ಕೆಳಗೆ ಗೆರೆ ಎಳೆದಿದ್ದಳು. ಪುಸ್ತಕದಲ್ಲಿ ಆ ಎರಡು ಇಲ್ಲ. "ಎಲ್ಲಾ ಕರೆಕ್ಟ್ ಮಾಡೀನ್ರಿ, ಈ ಎರಡು ಎಲ್ಲಿಂದ ಬಂತು?"

ಕೂಡಿಸಿದ್ದರಿಂದ ಬಂತು. ಎರಡು ಕಡೆಯೂ ಸಿಕ್ಕಿದ್ದು ಒಂದೇ ಎಕ್ಸ್ ವೈ ಸ್ಕ್ವೇರ್, ಅದನ್ನು ಎರಡು ಸಲ ಎಣಿಸಿದ ಹಾಗಾಯಿತು. ಎಕ್ಸ್‌ಗೆ ಮಾತ್ರ ಇಂಟಿಗ್ರೇಟ್ ಮಾಡಿದಾಗ ಕೊನೆಗೆ ಹಾಕುವ ಕಾನ್‌ಸ್ಟಂಟ್ ಬರೀ ಸಂಖ್ಯೆ ಆಗಿರಬೇಕಿಲ್ಲ, ಅದರೊಳಗೆ ವೈ ಕೂಡ ಇರಬಹುದು. ಹಾಗಾಗಿ ಸಿಕ್ಕಿದ್ದನ್ನು ವೈಗೆ ಡಿಫರೆನ್ಷಿಯೇಟ್ ಮಾಡಿ ಎರಡನೇ ಭಾಗದ ಜೊತೆ ಹೋಲಿಸಿ. ಇಲ್ಲಿ ಎರಡು ಎಕ್ಸ್ ವೈ ಆಗಲೇ ಪೂರ್ತಿ ಬಂದಿದೆ, ಸೇರಿಸಲು ಏನೂ ಉಳಿದಿಲ್ಲ. ಉತ್ತರ ಮೈನಸ್ ಎಕ್ಸ್ ವೈ ಸ್ಕ್ವೇರ್, ಬೇಕಿದ್ದರೆ ಒಂದು ಸಂಖ್ಯೆ ಕೂಡಿಸಿಕೊಳ್ಳಿ.

ಮೈನಸ್ ಯಾಕೆ ಅಂತಲೂ ತುಂಬಾ ಜನ ಕೇಳುತ್ತಾರೆ. ಬಲ ಯಾವತ್ತೂ ಯು ಕಡಿಮೆಯಾಗುವ ಕಡೆಗೇ ಎಳೆಯುತ್ತದೆ, ಅದಕ್ಕೆ. ಇನ್ನು ಯು ಎಷ್ಟು ಬದಲಾಯಿತು ಅನ್ನುವುದಕ್ಕೆ ಯಾವ ದಾರಿಯಲ್ಲಿ ಹೋದಿರಿ ಅನ್ನುವುದು ಮುಖ್ಯವಲ್ಲ. ನಮ್ಮ ಅಂಜನಾದ್ರಿ ಬೆಟ್ಟವನ್ನೇ ನೋಡಿ. 575 ಮೆಟ್ಟಿಲು ಹತ್ತಿದರೂ, ಹುಡುಗರ ಹಾಗೆ ಬಂಡೆ ಹಿಡಿದು ಏರಿದರೂ, ಗುರುತ್ವದ ಲೆಕ್ಕದಲ್ಲಿ ನಿಮ್ಮ ಪೊಟೆನ್ಷಿಯಲ್ ಎನರ್ಜಿ ಏರುವುದು ಒಂದೇ ಅಳತೆಗೆ. ಕಾಲು ನೋವಿನ ಲೆಕ್ಕ ಬೇರೆ ಬಿಡಿ!

ಈ ದಾರಿಯ ಮಾತನ್ನು ಸುಮ್ನೆ ಒಪ್ಪಬೇಡಿ, ಮಾಡಿ ನೋಡಿ. ಆ ಹುಡುಗಿಯ ಲೆಕ್ಕದ ಬಲವನ್ನೇ ತಗೊಂಡು, ಎಕ್ಸ್, ವೈ ಎರಡೂ ಸೊನ್ನೆ ಇರುವ ಬಿಂದುವಿನಿಂದ ಎರಡೂ ಒಂದು ಇರುವ ಬಿಂದುವಿಗೆ ಹೋಗಿ. ಮೊದಲು ಎಕ್ಸ್ ಗುಂಟ, ಆಮೇಲೆ ಮೇಲಕ್ಕೆ ಹೋದರೆ ಬಲ ಮಾಡುವ ಕೆಲಸ 1. ಮೊದಲು ಮೇಲಕ್ಕೆ ಹೋಗಿ ಆಮೇಲೆ ಪಕ್ಕಕ್ಕೆ ಹೋದರೂ 1. ಈಗ ವೈ ಭಾಗದಲ್ಲಿರುವ ಎರಡನ್ನು ತೆಗೆದು ಬರೀ ಎಕ್ಸ್ ವೈ ಮಾಡಿ. ಮೊದಲ ದಾರಿಗೆ ಅರ್ಧ, ಎರಡನೆಯದಕ್ಕೆ 1. ದಾರಿ ಬದಲಾದರೆ ಕೆಲಸವೂ ಬದಲಾಗುವಾಗ ಯು ಅಂತ ಒಂದನ್ನು ಎಲ್ಲಿಂದ ತರುತ್ತೀರಿ? ಕರ್ಲ್ ನೋಡಿ, ಮೈನಸ್ ವೈ ಬರುತ್ತದೆ, ಸೊನ್ನೆ ಅಲ್ಲ. ಕರ್ಲ್ ಮೊದಲು ನೋಡಿ ಅನ್ನುವುದು ಇದಕ್ಕೇ. ಎಷ್ಟೋ ಜನ ಇಲ್ಲದ ಯು ಹುಡುಕುತ್ತಾ ಎರಡು ಪುಟ ತುಂಬಿಸುತ್ತಾರೆ.

ಪೊಟೆನ್ಷಿಯಲ್ ಅನ್ನುವ ಹೆಸರು ಬಳಸಿ 1828ರಲ್ಲಿ ದೊಡ್ಡ ಪ್ರಬಂಧ ಬರೆದ ಜಾರ್ಜ್ ಗ್ರೀನ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವನು. ಗಣಿತ ತಾನೇ ಓದಿ ಕಲಿತ, ಕೇಂಬ್ರಿಜ್ ಸೇರಿದ್ದು 40ನೇ ವಯಸ್ಸಿನಲ್ಲಿ. ಅಕ್ಕಿ ಗಿರಣಿಗಳ ಊರಿನವಳಾದ ನನಗೆ ಇದು ಜಾಸ್ತಿ ಖುಷಿ ಕೊಡುತ್ತದೆ.

ಇನ್ನೊಂದು, ಲೆಕ್ಕದಲ್ಲಿ ಘರ್ಷಣೆ ಇದ್ದರೆ ಅದಕ್ಕೆ ಯು ಬರೆಯಲು ಹೋಗಬೇಡಿ. ಅದು ಮಾಡುವ ಕೆಲಸವನ್ನು ಬೇರೆ ಲೆಕ್ಕ ಹಾಕಿ ಆಮೇಲೆ ಸೇರಿಸಿ. ಹಾಗೆಯೇ ಫೋಟೋ ಹಗಲು ಬೆಳಕಿನಲ್ಲಿ ತೆಗೆಯಿರಿ, ಪೆನ್ಸಿಲ್‌ನಲ್ಲಿ ಬರೆದದ್ದು ರಾತ್ರಿ ಫೋಟೋದಲ್ಲಿ ನನಗೆ ಕಾಣುವುದಿಲ್ಲ.