‘ಅದೆಲ್ಲ ಸರಿ, ಅವರು ಬಾಂಬ್ ಇಟ್ಟಿದ್ದು ಯಾಕೆ?’

ಸಿನಿಮಾ ಹುಚ್ಚಿರುವವರಿಗೆ ಗೆಳೆಯರಿಂದ ಒಂದು ಕಾಟ ತಪ್ಪಿದ್ದಲ್ಲ. ‘ಏನಾದ್ರೂ ಒಳ್ಳೇದು ಹೇಳು, ವೀಕೆಂಡಿಗೆ ನೋಡ್ತೀವಿ’ ಅನ್ನುತ್ತಾರೆ. ಹೇಳಿದರೆ, ನೋಡಿ ಬಂದು ಜಗಳಕ್ಕೆ ನಿಲ್ಲುತ್ತಾರೆ. ಹಾಗೆ ಹೇಳಿ ನಾನು ಅತಿ ಹೆಚ್ಚು ಬೈಸಿಕೊಂಡ ಚಿತ್ರ ಫ್ರೆಂಚ್ ನಿರ್ದೇಶಕ ಬರ್ತ್ರಾಂ ಬೊನೆಲೊ ಮಾಡಿದ ‘ನೊಕ್ಟುರಾಮ’ (2016). ಬೈಗುಳ ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ: ‘ಅದೆಲ್ಲ ಸರಿ ಮಾರಾಯ, ಆ ಹುಡುಗರು ಬಾಂಬ್ ಇಟ್ಟಿದ್ದು ಯಾಕೆ?’

ಒಬ್ಬೊಬ್ಬರಿಗೂ ವಾಟ್ಸಾಪಿನಲ್ಲಿ ಬರೆದು ಸಾಕಾಗಿದೆ. ಇಲ್ಲೇ ಬರೆದುಬಿಡುತ್ತೇನೆ. ಕೊನೆಯಲ್ಲಿ ಏನಾಗುತ್ತದೆ ಅನ್ನುವುದನ್ನೂ ಹೇಳುವವನಿದ್ದೇನೆ, ಬೇಡ ಅನ್ನುವವರು ನೋಡಿ ಬಂದು ಓದಿ.

ಪ್ಯಾರಿಸ್, ಒಂದು ಮಧ್ಯಾಹ್ನ. ಎಂಟು ಹತ್ತು ಮಂದಿ ಹುಡುಗ ಹುಡುಗಿಯರು ಮೆಟ್ರೊ ಹತ್ತುತ್ತಾರೆ, ಇಳಿಯುತ್ತಾರೆ, ಲೈನ್ ಬದಲಿಸುತ್ತಾರೆ. ಒಬ್ಬರನ್ನೊಬ್ಬರು ನೋಡಿಯೂ ನೋಡದಂತೆ ಹೋಗುತ್ತಾರೆ. ಮೊಬೈಲಿನಲ್ಲಿ ಒಂದು ಫೋಟೊ ಕಳಿಸಿ, ಮೊಬೈಲನ್ನೇ ಕಸದ ಡಬ್ಬಿಗೆ ಹಾಕಿ ನಡೆಯುತ್ತಾರೆ. ಬಹಳ ಹೊತ್ತು ಮಾತೇ ಇಲ್ಲ. ಪರದೆಯ ಮೇಲೆ ಆಗಾಗ ಗಂಟೆ ನಿಮಿಷ ಮೂಡುತ್ತದೆ, ಹಿಂದೆ ಬೊನೆಲೊ ತಾನೇ ಮಾಡಿದ ಎಲೆಕ್ಟ್ರಾನಿಕ್ ಸಂಗೀತ ಮಿಡಿಯುತ್ತಿರುತ್ತದೆ. ಸಂಜೆಯ ಹೊತ್ತಿಗೆ ಗೃಹಸಚಿವಾಲಯ, ಷೇರುಪೇಟೆಯ ಕಟ್ಟಡದ ಬಳಿ ನಿಲ್ಲಿಸಿದ ಕಾರುಗಳು, ದೊಡ್ಡ ಕಂಪನಿಗಳ ಕಚೇರಿಗಳಿರುವ ಲಾ ದೆಫಾನ್ಸ್ ಬಡಾವಣೆಯ ಗಗನಚುಂಬಿ ಕಟ್ಟಡ ಸಿಡಿಯುತ್ತವೆ. ದೊಡ್ಡ ಬ್ಯಾಂಕೊಂದರ ಮುಖ್ಯಸ್ಥನಿಗೆ ಅವನ ಮನೆಯಲ್ಲೇ ಗುಂಡು. ಫ್ರಾನ್ಸಿನ ವೀರವನಿತೆ ಜೋನ್ ಆಫ್ ಆರ್ಕ್‌ಳ ಬಂಗಾರ ಲೇಪಿಸಿದ ಪ್ರತಿಮೆಗೆ ಬೆಂಕಿ. ಆಮೇಲೆ ಹುಡುಗರು ರಾತ್ರಿ ಕಳೆಯಲು ಒಂದು ಐಷಾರಾಮಿ ಡಿಪಾರ್ಟ್‌ಮೆಂಟ್ ಸ್ಟೋರ್‌ನೊಳಗೆ ಸೇರಿಕೊಳ್ಳುತ್ತಾರೆ. ಅಲ್ಲಿನ ಸೆಕ್ಯೂರಿಟಿಯವನು ಅವರಲ್ಲೇ ಒಬ್ಬ.

ಇಂಟರ್ವಲ್ ಆದ ಮೇಲೆ ಫ್ಲ್ಯಾಶ್‌ಬ್ಯಾಕ್ ಬರುತ್ತದೆ ಎಂದು ನಂಬಿ ಬೆಳೆದವರು ನಾವು. ಮಚ್ಚು ಹಿಡಿದ ನಾಯಕನಿಗೆ ಒಬ್ಬಳು ತಾಯಿ, ಒಂದು ಅನ್ಯಾಯ, ಮಳೆಯಲ್ಲಿ ಒಂದು ಶವ. ಇಷ್ಟು ಕೊಟ್ಟರೆ ಅವನು ಎಷ್ಟು ಜನರನ್ನು ಕೊಚ್ಚಿದರೂ ನಮ್ಮ ತಕರಾರಿಲ್ಲ. ಬೊನೆಲೊ ಕೂಡ ಫ್ಲ್ಯಾಶ್‌ಬ್ಯಾಕ್ ಕೊಡುತ್ತಾನೆ, ಆದರೆ ಅದರಲ್ಲಿ ಏನೂ ಇಲ್ಲ! ಒಂದು ಕೋಣೆ, ಸೆಮ್ಟೆಕ್ಸ್ ಸ್ಫೋಟಕ, ಅದರ ಪಕ್ಕದಲ್ಲೇ ಕುಣಿಯುವ ಹುಡುಗರು. ಇನ್ನೊಂದರಲ್ಲಿ ಸಿಯಾನ್ಸ್ ಪೊ ಥರದ ದೊಡ್ಡ ಕಾಲೇಜಿನ ಹುಡುಗ ಕೆಫೆಯಲ್ಲಿ ಕೂತು ಪರೀಕ್ಷೆಗೆ ಪ್ರಬಂಧ ಬರೆಯುವ ಕ್ರಮ ಹೇಳಿಕೊಡುತ್ತಾನೆ. ನಾಗರಿಕತೆಯ ಪತನವೂ ಅವನಿಗೆ ಅಂಕ ಗಳಿಸುವ ವಿಷಯ. ಗುಂಪಿನಲ್ಲಿ ಶ್ರೀಮಂತರ ಮಕ್ಕಳಿದ್ದಾರೆ, ನಗರದಂಚಿನ ವಲಸಿಗರ ಬಡಾವಣೆಯವರಿದ್ದಾರೆ. ಘೋಷಣೆ ಇಲ್ಲ, ಕರಪತ್ರ ಇಲ್ಲ, ಬಾವುಟ ಇಲ್ಲ.

ಹಾಗಂತ ಕಾರಣವೇ ಇಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಗುರಿಗಳನ್ನು ನೋಡಿ. ಪೊಲೀಸು, ಷೇರು, ಬ್ಯಾಂಕು, ಕಾರ್ಪೊರೇಟ್. ಇಷ್ಟನ್ನು ಯಾವ ಕಾಲೇಜು ಹುಡುಗನಾದರೂ ಪಟ್ಟಿ ಮಾಡಿಯಾನು. ಆದರೆ ಆ ಪ್ರತಿಮೆ? ಫ್ರೆಮಿಯೆ ಎಂಬ ಶಿಲ್ಪಿ 1874ರಲ್ಲಿ ಮಾಡಿದ್ದು, ಪಿರಮಿದ್ ಚೌಕದಲ್ಲಿದೆ. ಲೆ ಪೆನ್‌ನ ಕಟ್ಟಾ ಬಲಪಂಥೀಯ ನ್ಯಾಷನಲ್ ಫ್ರಂಟ್ ಪಕ್ಷ ಎಷ್ಟೋ ವರ್ಷ ಮೇ 1ರಂದು ಮೆರವಣಿಗೆ ಮಾಡಿ ಹೂವಿಟ್ಟಿದ್ದು ಇದೇ ಪ್ರತಿಮೆಗೆ. ಪ್ಯಾರಿಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಡುಗರು ಬಾಯಿಬಿಟ್ಟು ಹೇಳದ್ದನ್ನು ಊರಿನ ನಕ್ಷೆ ಹೇಳುತ್ತದೆ. ಆದರೂ ಅದು ಪೂರ್ತಿ ಉತ್ತರವಲ್ಲ. ಸಿಟ್ಟು ಯಾರ ಮೇಲೆ ಅಂತ ಗೊತ್ತಾದರೂ, ನಾಳೆ ಬೆಳಿಗ್ಗೆ ಏನು ಮಾಡುತ್ತಾರೆ ಅಂತ ಅವರಿಗೇ ಗೊತ್ತಿಲ್ಲ.

ನನ್ನ ಪ್ರಕಾರ ಚಿತ್ರದ ಜೀವ ಇರುವುದು ಆ ಅಂಗಡಿಯಲ್ಲಿ. ಚಿತ್ರೀಕರಣ ನಡೆದದ್ದು ಸೇನ್ ನದಿಯ ದಂಡೆಯ ಲಾ ಸಮರಿತೇನ್‌ನಲ್ಲಿ. 2005ರಲ್ಲೇ ಬಾಗಿಲು ಮುಚ್ಚಿದ್ದ ಕಟ್ಟಡ, ಒಳಗೆ ಸೆಟ್ ಹಾಕಿ ಮತ್ತೆ ಅಂಗಡಿ ಮಾಡಿದರು. ಪ್ರಭುತ್ವವನ್ನೇ ಬೀಳಿಸಲು ಹೊರಟವರು ಇಲ್ಲಿ ಸಂತೆಗೆ ಬಂದ ಮಕ್ಕಳಾಗುತ್ತಾರೆ. ಸೂಟು ಹಾಕಿ ನೋಡುತ್ತಾರೆ, ಬಾತ್‌ಟಬ್ಬಿನಲ್ಲಿ ಮಲಗುತ್ತಾರೆ, ದುಬಾರಿ ಸ್ಪೀಕರಿನಲ್ಲಿ ಹಾಡು ಹಾಕುತ್ತಾರೆ. ಯಾಸೀನ್ ಎಂಬ ಹುಡುಗ ಒಂದು ಗೊಂಬೆಯ ಮುಂದೆ ನಿಲ್ಲುತ್ತಾನೆ. ತಾನು ಹಾಕಿರುವ ಟೀ ಶರ್ಟನ್ನೇ ಗೊಂಬೆಯೂ ಹಾಕಿದೆ. ಅವನೇನೂ ಹೇಳುವುದಿಲ್ಲ. (ಬೆಂಗಳೂರಿನ ಮಾಲ್ ಒಂದರಲ್ಲಿ ನನಗೂ ಹೀಗೆ ಆಗಿದೆ. ಶರ್ಟು ಗೊಂಬೆಗೆ ನನಗಿಂತ ಚೆನ್ನಾಗಿ ಒಪ್ಪಿತ್ತು.) ಅದೇ ಯಾಸೀನ್ ಆಮೇಲೆ ಮುಖಕ್ಕೆ ಬಣ್ಣ ಬಳಿದು, ವಿಗ್ ಹಾಕಿ, ಶರ್ಲಿ ಬ್ಯಾಸಿ ಹಾಡಿದ ‘ಮೈ ವೇ’ಗೆ ತುಟಿ ಆಡಿಸುತ್ತಾ ಮೆಟ್ಟಿಲಿಳಿದು ಬರುತ್ತಾನೆ. ‘ನನ್ನದೇ ದಾರಿಯಲ್ಲಿ ಬದುಕಿದೆ’ ಎಂಬರ್ಥದ ಹಾಡಿಗೆ ದನಿಯೂ ಬೇರೆಯವರದು, ವೇಷವೂ ಅಂಗಡಿಯದು. ಯಾಕೆ ಅಂತ ಕೇಳುವವರಿಗೆ ಈ ದೃಶ್ಯ ಇನ್ನೊಮ್ಮೆ ನೋಡಿ ಅನ್ನುತ್ತೇನೆ.

ಡೇವಿಡ್ ಎಂಬುವನು ಮನೆಯಿಲ್ಲದ ದಂಪತಿಯನ್ನು ಬೀದಿಯಿಂದ ಅಂಗಡಿಯೊಳಗೆ ಕರೆಯುವ ಭಾಗ ನನಗೆ ರುಚಿಸಲಿಲ್ಲ. ಮನಸ್ಸು ಕರಗಲಿ ಅಂತ ತುರುಕಿದ ಹಾಗಿದೆ. ಆದರೆ ಅದೇ ಡೇವಿಡ್ ಖಾಲಿ ಬೀದಿಯಲ್ಲಿ ಸೈಕಲ್ ಹಿಡಿದ ಹುಡುಗಿಯೊಬ್ಬಳನ್ನು ಏನಾಗ್ತಿದೆ ಅಂತ ಕೇಳುವುದಿದೆಯಲ್ಲ, ಅದು ಬೇರೆ. ಏನೂ ಅರಿಯದವನಂತೆ ಕೇಳುತ್ತಾನೆ. ಆಗಲೇಬೇಕಿತ್ತು, ಆಯಿತು ಅನ್ನುವ ಧಾಟಿಯಲ್ಲಿ ಅವಳ ಉತ್ತರ. ಮಳೆ ಬಂತು ಅನ್ನುವಷ್ಟು ಸಲೀಸು.

‘ಭಯೋತ್ಪಾದನೆಗೆ ಇಷ್ಟು ಚೆಂದದ ಬಟ್ಟೆ ತೊಡಿಸಬಹುದಾ?’ ಇದು ಎರಡನೇ ಬೈಗುಳ, ಇದನ್ನು ನಾನು ತಳ್ಳಿಹಾಕುವುದಿಲ್ಲ. ಚಿತ್ರಕಥೆ ಹುಟ್ಟಿದ್ದು ದಾಳಿಗಳಿಗಿಂತ ವರ್ಷಗಳ ಮೊದಲು, ಚಿತ್ರೀಕರಣ 2015ರ ಬೇಸಿಗೆಯಲ್ಲಿ. ಅದೇ ವರ್ಷ ನವೆಂಬರ್ 13ಕ್ಕೆ ಪ್ಯಾರಿಸಿನಲ್ಲಿ ಭಯೋತ್ಪಾದಕರ ದಾಳಿಗೆ 130 ಮಂದಿ ಸತ್ತರು. ಚಿತ್ರಕ್ಕೆ ಮೊದಲು ಇಟ್ಟಿದ್ದ ಹೆಸರು ‘ಪ್ಯಾರಿಸ್ ಎಂದರೆ ಹಬ್ಬ’, ಹೆಮಿಂಗ್ವೆ ಪುಸ್ತಕದ ಫ್ರೆಂಚ್ ಶೀರ್ಷಿಕೆ. ದಾಳಿಯ ನಂತರ ಜನ ಅದೇ ಪುಸ್ತಕವನ್ನು ಹೂವಿನ ಜೊತೆ ಬೀದಿಯಲ್ಲಿಟ್ಟು ಅತ್ತರು. ಬೊನೆಲೊ ಹೆಸರು ಬದಲಿಸಿದ. ನೊಕ್ಟುರಾಮ ಅಂದರೆ ಮೃಗಾಲಯದಲ್ಲಿ ನಿಶಾಚರ ಪ್ರಾಣಿಗಳನ್ನು ಮಬ್ಬು ಬೆಳಕಿನಲ್ಲಿಟ್ಟು ತೋರಿಸುವ ಮನೆ. ಆಸ್ಟ್ರೇಲಿಯಾದ ಗಾಯಕ ನಿಕ್ ಕೇವ್‌ನ 2003ರ ಆಲ್ಬಂ ಒಂದಕ್ಕೂ ಅದೇ ಹೆಸರು. 2016ರ ಕಾನ್ ಚಿತ್ರೋತ್ಸವದ ಅಧಿಕೃತ ಪಟ್ಟಿಯಲ್ಲಿ ಚಿತ್ರ ಇರಲಿಲ್ಲ. ಜುಲೈ 14ಕ್ಕೆ ನೀಸ್‌ನಲ್ಲಿ ಲಾರಿ ಹರಿಸಿ 86 ಜನರನ್ನು ಕೊಂದ ಘಟನೆ. ಆಗಸ್ಟ್ 31ಕ್ಕೆ ಚಿತ್ರ ತೆರೆಗೆ ಬಂತು. ದಾಳಿ ಕಂಡ ಆ ಊರುಗಳವರು ಅದನ್ನು ಹೇಗೆ ನೋಡಿಯಾರು? ನಾನು ಸೋಫಾದ ಮೇಲೆ ಕೂತು ಕಡ್ಲೆಪುರಿ ತಿನ್ನುತ್ತಾ ನೋಡಿದವನು. ಆ ಉರಿಯುವ ಬಂಗಾರದ ಮುಖ ನನಗೆ ಸುಂದರವಾಗಿ ಕಂಡಿತು, ಕಂಡಿದ್ದಕ್ಕೆ ನಾಚಿಕೆಯೂ ಆಯಿತು.

ಇನ್ನು ಕೊನೆ. ವಿಶೇಷ ಪಡೆ ಅಂಗಡಿಗೆ ನುಗ್ಗುತ್ತದೆ. ಓಡಾಟ, ಚೀರಾಟ ಏನಿಲ್ಲ. ಒಬ್ಬೊಬ್ಬರನ್ನೇ ಹುಡುಕಿ ಹೊಡೆಯುತ್ತಾರೆ. ಕೈ ಮೇಲೆತ್ತಿದವರನ್ನೂ ಬಿಡುವುದಿಲ್ಲ. ಒಂದೇ ಗುಂಡಿನ ಸದ್ದನ್ನು ಬೇರೆ ಬೇರೆ ಮಹಡಿಗಳಿಂದ, ಬೇರೆ ಬೇರೆ ಹುಡುಗರ ಕಿವಿಯಿಂದ ಮತ್ತೆ ಮತ್ತೆ ಕೇಳಿಸುತ್ತಾನೆ ಬೊನೆಲೊ. ಎರಡು ಗಂಟೆಯಿಂದ ಯಾಕೆ, ಯಾಕೆ ಅಂತ ಕೇಳುತ್ತಾ ಕೂತವರು ನಾವು. ಬಂದೂಕು ಹಿಡಿದು ಬಂದವರು ಅದನ್ನು ಒಂದು ಸಲವೂ ಕೇಳುವುದಿಲ್ಲ. ಉತ್ತರ ಗೊತ್ತಿದ್ದವರು ಯಾರೂ ಬದುಕಿ ಉಳಿಯುವುದಿಲ್ಲ. ಕಾರಣವನ್ನು ಬೊನೆಲೊ ನಮಗೆ ಮೊದಲೇ ಕೊಟ್ಟುಬಿಟ್ಟಿದ್ದರೆ, ಅದನ್ನು ತಕ್ಕಡಿಯಲ್ಲಿಟ್ಟು ಈ ಸಾವುಗಳನ್ನು ಸರಿ ಅಥವಾ ತಪ್ಪು ಅಂತ ತೂಗಿ ಎದ್ದು ಹೋಗುತ್ತಿದ್ದೆವು. ಅದಕ್ಕೇ ಕೊಡಲಿಲ್ಲ ಅಂತ ನನ್ನ ಊಹೆ.

ಹೋದ ಸಲ ಇದನ್ನು ಒಬ್ಬ ಗೆಳೆಯನ ಜೊತೆ ನೋಡಿದೆ. ಚಿತ್ರವಿಡೀ ‘ಯಾಕಂತೆ? ಯಾಕಂತೆ?’ ಎಂದು ಮೊಣಕೈಯಲ್ಲಿ ತಿವಿಯುತ್ತಿದ್ದ. ಕೊನೆಗೆ ಉಳಿದ ಹುಡುಗ ‘ಕಾಪಾಡಿ’ ಅಂದಾಗ ತಿವಿತ ನಿಂತಿತ್ತು. ಲೈಟು ಹಾಕಿದೆ. ಪುರಿಯ ಬಟ್ಟಲು ಅವನ ತೊಡೆಯ ಮೇಲೆ ಹಾಗೇ ಇತ್ತು.

‘ಆ ಇನ್ನೊಬ್ಬ ಕೈ ಎತ್ತಿದ್ದನಲ್ವಾ?’ ಅಂದ.

ಎತ್ತಿದ್ದ ಅಂದೆ.