ಮೀನು ಕಚ್ಚುವುದನ್ನು ನಿಧಾನಗೊಳಿಸಿದರೆ ತೊಂದರೆ ಯಾರಿಗೆ?

ಆಟಗಾರರು ತಮಗೆ ಬೇಕಾದಂತೆ ಆಡುವ ಸ್ಯಾಂಡ್‌ಬಾಕ್ಸ್ ವಿಡಿಯೋ ಆಟಗಳಲ್ಲಿ ಮೀನು ಹಿಡಿಯುವುದು ಉಪಕಸುಬು. ಗಣಿ ಅಗೆದು, ಮನೆ ಕಟ್ಟಿ, ರಾಕ್ಷಸರೊಡನೆ ಹೊಡೆದಾಡಿ ಸುಸ್ತಾದವರು ನೀರಿನ ದಡದಲ್ಲಿ ಸ್ವಲ್ಪ ಹೊತ್ತು ಕೂರಲಿ ಎಂದು ಇಡುವಂಥದ್ದು. ಬೆಂಗಳೂರಿನ ಒಂದು ಸಣ್ಣ ಗೇಮ್ ಸ್ಟುಡಿಯೋದಲ್ಲಿ ಆಟದ ಲೆಕ್ಕಾಚಾರ ಸರಿದೂಗಿಸುವುದು ನನ್ನ ಕೆಲಸ. ಯಾವ ವಸ್ತು ಎಷ್ಟು ಶ್ರಮಕ್ಕೆ ಸಿಗಬೇಕು, ಯಾವುದಕ್ಕೆ ಎಷ್ಟು ಬೆಲೆ ಎಂದು ಸ್ಪ್ರೆಡ್‌ಶೀಟ್ ಮುಂದೆ ಕುಳಿತು ನಿರ್ಧರಿಸುತ್ತೇನೆ. ಕತ್ತಿ, ಬಿಲ್ಲು, ಬೆಳೆ ಯಾವುದೂ ಕೊಡದಷ್ಟು ಕಾಟವನ್ನು ಈ ಗಾಳ ಕೊಟ್ಟಿದೆ.

ನಮ್ಮ ದ್ವೀಪದ ಆಟವನ್ನು ಪರೀಕ್ಷೆಗೆ ಬಿಟ್ಟಾಗ ಗಾಳದ ಗಳಿಕೆ ಗಣಿಯ ಗಳಿಕೆಯನ್ನು ದಾಟಿತು. ಗಣಿಯಲ್ಲಿ ಪ್ರಾಣಕ್ಕೆ ಅಪಾಯವಿದೆ, ದಾರಿ ತಪ್ಪುವ ಭಯವಿದೆ. ದಡದಲ್ಲಿ ಎರಡೂ ಇಲ್ಲ. ಸಭೆಯಲ್ಲಿ ತಂಡದ ಮುಖ್ಯಸ್ಥರು, "ಮೀನು ಕಚ್ಚುವ ಸಮಯವನ್ನು ದುಪ್ಪಟ್ಟು ಮಾಡಿಬಿಡಿ, ಮುಗಿಯಿತಲ್ಲ" ಎಂದರು. "ಅದನ್ನೂ ಪರೀಕ್ಷೆಗೆ ಹಾಕೋಣ ಸರ್, ಆದರೆ ಅಂಕಿಗಳ ಜೊತೆಗೆ ಆಟದ ರೆಕಾರ್ಡಿಂಗ್ ಕೂಡ ನೋಡೋಣ" ಎಂದು ಕೇಳಿಕೊಂಡೆ. ಅವರು ಒಪ್ಪಿದರು.

ಎರಡು ರೆಕಾರ್ಡಿಂಗ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆವು. ಒಂದರಲ್ಲಿ ಆಟಗಾರ್ತಿಯೊಬ್ಬರು ಬಂಡೆಯ ಮೇಲೆ ನಿಂತು ಗಾಳ ಎಸೆಯುತ್ತಿದ್ದರು. ಬೆಂಡು ಮುಳುಗಿದ ಕ್ಷಣವೇ ಎಳೆಯುತ್ತಿದ್ದರು. ನಡುವೆ ಚೀಲ ತೆರೆದು ಸಾಮಾನು ಜೋಡಿಸಿಕೊಂಡರು, ಸೂರ್ಯ ಮುಳುಗುವುದನ್ನು ನೋಡಲು ತಿರುಗಿ ನಿಂತರು, ಇನ್ನೊಂದು ಬಂಡೆಗೆ ಹೋದರು. ಇನ್ನೊಂದು ರೆಕಾರ್ಡಿಂಗ್‌ನಲ್ಲಿ ಬೆಂಡಿನ ಸುತ್ತ ನಾಲ್ಕೂ ಕಡೆ ಕಲ್ಲಿನ ಗೋಡೆ ಎದ್ದಿತ್ತು. ಪಾತ್ರ ಅಲುಗಾಡುತ್ತಿರಲಿಲ್ಲ, ಗಾಳ ಮಾತ್ರ ಒಂದೇ ತಾಳದಲ್ಲಿ ಹೋಗಿ ಬರುತ್ತಿತ್ತು. ಮೌಸ್‌ನ ಬಟನ್ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿಟ್ಟು ಊಟಕ್ಕೆ ಹೋಗಿದ್ದೆ ಎಂದು ಆ ಪರೀಕ್ಷಕರೇ ಆಮೇಲೆ ಹೇಳಿದರು.

ಕಾಯುವ ಸಮಯ ದುಪ್ಪಟ್ಟಾದ ಆವೃತ್ತಿಯಲ್ಲಿ ಆ ಆಟಗಾರ್ತಿ ಬೇಸತ್ತು ಗಾಳ ಮಡಚಿಟ್ಟು ಗಣಿಗೆ ಹೋದರು, ಮತ್ತೆ ನೀರಿನ ಕಡೆಗೆ ಬರಲೇ ಇಲ್ಲ. ಟೇಪ್ ಸುತ್ತಿದವರಿಗೆ ಏನೂ ಆಗಲಿಲ್ಲ. ಸಂಜೆ ಬರುವ ಬದಲು ಮರುದಿನ ಬಂದು ಪೆಟ್ಟಿಗೆ ತುಂಬಿಸಿಕೊಂಡರು, ಅಷ್ಟೇ. ವೇಗ ಕಡಿಮೆ ಮಾಡಿದಾಗ ಅದರ ಪೂರ್ತಿ ಬಿಸಿ ತಟ್ಟುವುದು ಕೈಯಾರೆ ಆಡುವವರಿಗೆ, ಏಕೆಂದರೆ ಕಾಯುವುದು ಅವರೊಬ್ಬರೇ. ಗಂಟೆಗೆ ಎಷ್ಟು ನಾಣ್ಯ ಎಂಬ ಒಂದೇ ಕಾಲಂ ಇರುವ ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ. ಆ ಗಂಟೆಯಲ್ಲಿ ಆಟಗಾರ ಎಷ್ಟು ಹೊತ್ತು ಪರದೆಯ ಮುಂದಿದ್ದ ಎಂಬ ಇನ್ನೊಂದು ಕಾಲಂ ಪಕ್ಕದಲ್ಲಿ ಬೇಕೇ ಬೇಕು.

ಇದಕ್ಕೆ ಒಳ್ಳೆಯ ಉದಾಹರಣೆ ಘನಾಕಾರದ ಬ್ಲಾಕ್‌ಗಳಿಂದ ಜಗತ್ತು ಕಟ್ಟುವ ಆಟ ಮೈನ್‌ಕ್ರಾಫ್ಟ್. ಅದರ ಜಾವಾ ಆವೃತ್ತಿಯಲ್ಲಿ ಗಾಳ ಎಸೆದ ಮೇಲೆ ಮೀನು ಬರಲು 5ರಿಂದ 30 ಸೆಕೆಂಡು ಬೇಕು. ಮಾಮೂಲಿ ಗಾಳಕ್ಕೆ ಶೇ 85ರಷ್ಟು ಮೀನು, ಶೇ 10ರಷ್ಟು ಕಸ, ಶೇ 5ರಷ್ಟು ನಿಧಿ ಸಿಗುತ್ತದೆ. ಆ ನಿಧಿಯಲ್ಲಿ ಮಂತ್ರಶಕ್ತಿಯ ಬಿಲ್ಲು, ಕುದುರೆಯ ಜೀನು, ಮಂತ್ರದ ಪುಸ್ತಕ ಎಲ್ಲವೂ ಇವೆ. ಶೇ 5 ಎಂದರೆ ಕೈಯಲ್ಲಿ ಹಿಡಿಯುವವರಿಗೆ ಅಪರೂಪದ ಸಂತೋಷ, ತಾನಾಗಿಯೇ ಮೀನು ಹಿಡಿಯಲೆಂದು ಆಟಗಾರರು ಆಟದೊಳಗೇ ಕಟ್ಟುವ, ರಾತ್ರಿಯಿಡೀ ಓಡುವ ಯಂತ್ರಕ್ಕೆ ಗೋದಾಮು. ಸಾಲದ್ದಕ್ಕೆ, ಆ ಪುಸ್ತಕಗಳಲ್ಲಿ ಮೆಂಡಿಂಗ್ ಎಂಬ ಮಂತ್ರವೂ ಸಿಗುತ್ತದೆ. ಅದನ್ನು ಗಾಳಕ್ಕೇ ಹಾಕಿದರೆ ಮೀನು ಹಿಡಿದಾಗ ಬರುವ ಅನುಭವದ ಅಂಕಗಳೇ ಗಾಳವನ್ನು ರಿಪೇರಿ ಮಾಡುತ್ತಾ ಹೋಗುತ್ತವೆ. ಗಾಳ ಸವೆಯುತ್ತದೆ ಎಂಬ ಒಂದು ಕಡಿವಾಣವೂ ಅಲ್ಲಿಗೆ ಕಳಚಿತು.

2020ರ ಜೂನ್‌ನಲ್ಲಿ ಬಂದ 1.16 ಆವೃತ್ತಿಯಲ್ಲಿ ಮೈನ್‌ಕ್ರಾಫ್ಟ್ ತಯಾರಕರು ಕಾಯುವ ಸಮಯವನ್ನು ಮುಟ್ಟಲಿಲ್ಲ. ಬೆಂಡಿನ ಸುತ್ತ 5×4×5 ಬ್ಲಾಕ್ ಅಳತೆಯ ಜಾಗ ತೆರೆದ ನೀರಾಗಿದ್ದರೆ ಮಾತ್ರ ನಿಧಿ ಸಿಗುತ್ತದೆ ಎಂಬ ಒಂದೇ ಷರತ್ತು ಹಾಕಿದರು. ಹಳೆಯ ಯಂತ್ರಗಳು ಇಕ್ಕಟ್ಟಾದ ಗೂಡಿನೊಳಗೇ ಕೆಲಸ ಮಾಡುತ್ತಿದ್ದವು, ಅವುಗಳಲ್ಲಿ ಮೀನು ಮತ್ತು ಕಸ ಮಾತ್ರ ಉಳಿಯಿತು. ಕೆರೆಯ ದಡದಲ್ಲಿ ನಿಂತು ಗಾಳ ಹಾಕುವ ಹುಡುಗನಿಗೆ ಇಂಥದ್ದೊಂದು ನಿಯಮ ಬಂದಿದೆ ಎಂಬುದೂ ತಿಳಿಯಲಿಲ್ಲ. ಎಷ್ಟು ಅಚ್ಚುಕಟ್ಟಾದ ಕೆಲಸ! ಹೊಸಬರು ನಮ್ಮ ತಂಡಕ್ಕೆ ಸೇರಿದಾಗ ನಾನು ಮೊದಲು ತೋರಿಸುವುದು ಇದನ್ನೇ.

ಟೆರೇರಿಯಾ ಎಂಬ ಇನ್ನೊಂದು ಸ್ಯಾಂಡ್‌ಬಾಕ್ಸ್ ಆಟದ ಸಮಸ್ಯೆ ಬೇರೆ ಥರದ್ದು. ಅಲ್ಲಿಗೆ ಮೀನುಗಾರಿಕೆ ಬಂದದ್ದು 2014ರಲ್ಲಿ. ಸಮುದ್ರದಲ್ಲಿ ರೀವರ್ ಶಾರ್ಕ್ ಎಂಬ, ಪಿಕಾಸಿಯಾಗಿ ಬಳಸಬಹುದಾದ ಶಾರ್ಕ್ ಸಿಗುತ್ತಿತ್ತು. ಅದರ ಅಗೆಯುವ ಶಕ್ತಿ ಶೇ 100. ಪಾತಾಳದ ಹೆಲ್‌ಸ್ಟೋನ್ ಅದಿರನ್ನು ಅಗೆಯಲು ಬೇಕಾದದ್ದು ಶೇ 65. ಅಷ್ಟು ಶಕ್ತಿಯ ಪಿಕಾಸಿ ಮಾಡಿಕೊಳ್ಳಲು ದೊಡ್ಡ ರಾಕ್ಷಸನೊಬ್ಬನನ್ನು ಕೊಂದು ಸಾಮಗ್ರಿ ತರುವುದು ಆಟದ ರಾಜಮಾರ್ಗ. ಸಮುದ್ರದ ದಡಕ್ಕಾದರೋ ಆಟ ಶುರುವಾದ ದಿನವೇ ನಡೆದುಕೊಂಡು ಹೋಗಬಹುದು. ಗಾಳ ಹಿಡಿದು ಕೂತವನು ರಾಕ್ಷಸನ ಮುಖವನ್ನೂ ನೋಡದೆ ಪಾತಾಳಕ್ಕೆ ಇಳಿಯುತ್ತಿದ್ದ. 2020ರ ಮೇ ತಿಂಗಳ 1.4 ಅಪ್‌ಡೇಟ್‌ನಲ್ಲಿ ಅದನ್ನು ಶೇ 59ಕ್ಕೆ ಇಳಿಸಿದರು. ಶಾರ್ಕ್ ಈಗಲೂ ಸಿಗುತ್ತದೆ, ಆರಂಭದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆ ಬಾಗಿಲನ್ನು ಮಾತ್ರ ತೆರೆಯುವುದಿಲ್ಲ. ಇಲ್ಲಿ ಮೀನಿನ ಸಂಖ್ಯೆಯಿಂದ ಏನೂ ಕೆಟ್ಟಿರಲಿಲ್ಲ. ಒಂದೇ ಒಂದು ವಸ್ತು, ಬರಬಾರದ ಹಂತದಲ್ಲಿ ಬರುತ್ತಿತ್ತು.

ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ಆಟದಲ್ಲಿ ಮೀನನ್ನು ಪರದೆಯ ಮೇಲೆ ಏರಿಳಿಯುವ ಪಟ್ಟಿಯೊಳಗೆ ಹಿಡಿದಿಟ್ಟುಕೊಳ್ಳುವ ಕೈಚಳಕವೇ ಕಾವಲು, ಹಾಗಾಗಿ ಅಲ್ಲಿ ಟೇಪ್ ನಡೆಯುವುದಿಲ್ಲ. ಆದರೆ ಬೆರಳು ನಿಧಾನ ಇರುವವರು ಅಲ್ಲಿ ಸೋಲುತ್ತಾರೆ. ಅದಕ್ಕೇ ಅಂಗಡಿಯಲ್ಲಿ 25 ನಾಣ್ಯಕ್ಕೆ ಕಲಿಕೆಯ ಗಾಳ ಇಟ್ಟಿದ್ದಾರೆ. ಅದರಲ್ಲಿ ಹಿಡಿಯುವುದು ಸುಲಭ, ಸಿಗುವುದು ಸಾಮಾನ್ಯ ಮೀನು ಮಾತ್ರ. ನಮ್ಮ ಆಟಗಾರರಲ್ಲಿ ಬಹಳಷ್ಟು ಮಂದಿ ಮೊಬೈಲ್‌ನಲ್ಲಿ, ಓಡುವ ಬಸ್ಸಿನಲ್ಲಿ ಕುಳಿತು ಆಡುತ್ತಾರೆ. ಅಷ್ಟು ಚುರುಕಿನ ಬೆರಳಾಟವನ್ನು ಅವರಿಂದ ಕೇಳುವುದು ನ್ಯಾಯವಲ್ಲ ಎಂದು ನಾವು ಆ ದಾರಿ ಬಿಟ್ಟೆವು.

ಕೊನೆಗೆ ನಾವು ಮಾಡಿದ್ದಿಷ್ಟು. ಅದಿರು, ಆಯುಧದ ಭಾಗ, ಗಣಿಯ ಬಾಗಿಲು ತೆರೆಯುವ ಕೀಲಿ, ಇವೆಲ್ಲವನ್ನೂ ಗಾಳಕ್ಕೆ ಸಿಗುವ ವಸ್ತುಗಳ ಪಟ್ಟಿಯಿಂದ ತೆಗೆದೆವು. ಬದಲಿಗೆ ನೀರಿನಿಂದ ನೀರಿನ ವಸ್ತುಗಳೇ ಬರುತ್ತವೆ: ಗಣಿಗೆ ಹೋಗುವ ಮುನ್ನ ಉಣ್ಣಬಹುದಾದ ಮೀನಿನ ಸಾರು, ಮನೆಯ ಗಾಜಿನ ತೊಟ್ಟಿಗೆ ಬಣ್ಣದ ಮೀನು, ಕಪ್ಪೆಚಿಪ್ಪಿನಿಂದ ಸುಣ್ಣ. ಒಂದೇ ಜಾಗದಲ್ಲಿ ಹಿಡಿಯುತ್ತಾ ಹೋದರೆ ಅಲ್ಲಿನ ಮೀನು ಖಾಲಿಯಾಗುತ್ತದೆ, ನಾಲ್ಕು ಹೆಜ್ಜೆ ಆಚೆ ಹೋದರೆ ಮತ್ತೆ ಸಿಗುತ್ತದೆ. ಆ ಆಟಗಾರ್ತಿ ತಾವಾಗಿಯೇ ಬಂಡೆ ಬದಲಾಯಿಸುತ್ತಿದ್ದರಲ್ಲ, ಈ ನಿಯಮ ಹೊಳೆದದ್ದು ಅದರಿಂದ. ಗೋಡೆ ಕಟ್ಟಿ ಊಟಕ್ಕೆ ಹೋದವರಿಗೆ ಮಾತ್ರ ಅದು ಅಡ್ಡ ಬರುತ್ತದೆ.

ಇಷ್ಟಾದ ಮೇಲೆ ಕಾಯುವ ಸಮಯವನ್ನು ಮೊದಲಿಗಿಂತಲೂ ಕಡಿಮೆ ಮಾಡಲು ಸಾಧ್ಯವಾಯಿತು. ಮುಖ್ಯಸ್ಥರಿಗೆ ಮೊದಲು ಇದು ವಿಚಿತ್ರವೆನಿಸಿತು. ಆಟದಲ್ಲಿ ಮಳೆ ಬಂದಾಗ ಇನ್ನೂ ಬೇಗ ಕಚ್ಚಲಿ ಎಂಬ ಸಲಹೆ ಆಮೇಲೆ ಬಂದದ್ದು ಅವರಿಂದಲೇ. ಈಗ ಉಳಿದಿರುವ ತಲೆನೋವು ಹಲವರು ಒಟ್ಟಿಗೆ ಆಡುವ ಸರ್ವರ್‌ನದು: ಒಬ್ಬರು ಖಾಲಿ ಮಾಡಿದ ಜಾಗಕ್ಕೆ ಇನ್ನೊಬ್ಬರು ಬಂದಾಗ ಅವರಿಗೆ ಮೀನು ಸಿಗಬೇಕೇ ಬೇಡವೇ? ಪ್ರತಿಯೊಬ್ಬರಿಗೂ ಪ್ರತ್ಯೇಕ ಲೆಕ್ಕ ಇಡಬೇಕು ಎಂಬುದು ನನ್ನ ವಾದ. ಇಲ್ಲದಿದ್ದರೆ ಕೆಲಸ ಮುಗಿಸಿ ರಾತ್ರಿ ತಡವಾಗಿ ಆಟಕ್ಕೆ ಬರುವವರ ಪಾಲಿಗೆ ಬರೀ ನೀರು ಉಳಿಯುತ್ತದೆ. ಮುಂದಿನ ಪರೀಕ್ಷೆಗೆ ಎರಡೂ ಆವೃತ್ತಿಗಳು ಸಿದ್ಧವಾಗುತ್ತಿವೆ.