6/8 ಎಂಬುದು 3/4 ಅಲ್ಲ, ದಯವಿಟ್ಟು ಹೊಡೆದುಹಾಕಬೇಡಿ

ನಾನು ಪಾಶ್ಚಾತ್ಯ ಸ್ವರಲಿಪಿ ಕಲಿಸುತ್ತೇನೆಂದು ತಿಳಿದವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ತಾಳ ತಿಳಿಸಲು ಕೃತಿಯ ಮೊದಲ ಸಾಲಿನ ಆರಂಭದಲ್ಲಿ ಎರಡು ಅಂಕೆಗಳನ್ನು ಒಂದರ ಕೆಳಗೊಂದು ಬರೆಯುವ ಟೈಮ್ ಸಿಗ್ನೇಚರ್‌ನಲ್ಲಿ 6/8 ಮತ್ತು 3/4 ಎರಡೂ ಒಂದೇ ಅಲ್ಲವೇ? ಅಲ್ಲ. ಅದು ಭಿನ್ನರಾಶಿಯೇ ಅಲ್ಲ. ಆ ಎರಡು ಅಂಕೆಗಳ ನಡುವೆ ಹಾದುಹೋಗುವುದು ಸ್ವರ ಬರೆಯುವ ಐದು ಗೆರೆಗಳ ಪೈಕಿ ಮೂರನೆಯದೇ ಹೊರತು ಭಾಗಾಕಾರದ ಗೆರೆಯಲ್ಲ.

ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿ ನನ್ನನ್ನು ಕೆರಳಿಸುತ್ತದೆ. ಮದುವೆಯೊಂದರ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತ ನಿವೃತ್ತ ಗಣಿತದ ಮೇಷ್ಟ್ರು, "ಎರಡರಿಂದ ಹೊಡೆದರೆ ಮುಗಿಯಿತಲ್ಲಪ್ಪಾ, ಇಷ್ಟಕ್ಕೆ ಪಾಠ ಬೇರೆ ಬೇಕೇ?" ಎಂದು ನಕ್ಕರು. ನಾನು ಉತ್ತರಿಸಲಿಲ್ಲ, ಊಟದೆಲೆಯ ಪಕ್ಕದಲ್ಲಿ ಬೆರಳು ತಟ್ಟುತ್ತಾ ಮೊದಲು "ತಕ ತಕ ತಕ" ಎಂದೆ, ಆಮೇಲೆ ಅದೇ ವೇಗದಲ್ಲಿ "ತಕಿಟ ತಕಿಟ" ಎಂದೆ. ಎರಡರಲ್ಲೂ ಆರೇ ಅಕ್ಷರಗಳು, ಹಿಡಿಯುವ ಕಾಲವೂ ಒಂದೇ. ಆದರೆ ಮೊದಲನೆಯದರಲ್ಲಿ ಬೆರಳು ಮೂರು ಸಲ ಬಿತ್ತು, ಎರಡನೆಯದರಲ್ಲಿ ಎರಡು ಸಲ. ಮೊದಲನೆಯದು 3/4, ಎರಡನೆಯದು 6/8. ಮೇಷ್ಟ್ರು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡರು.

ಇವೆರಡೂ ಒಂದೇ ಆಗಿದ್ದರೆ ಅಮೆರಿಕದ ಸಂಗೀತ ಸಂಯೋಜಕ ಲಿಯೊನಾರ್ಡ್ ಬರ್ನ್‌ಸ್ಟೀನ್ 1957ರ ಸಂಗೀತ ನಾಟಕ 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ 'ಅಮೆರಿಕ' ಹಾಡನ್ನು ಕಟ್ಟಲು ಸಾಧ್ಯವೇ ಇರುತ್ತಿರಲಿಲ್ಲ. ಅದರಲ್ಲಿ ಒಂದು ಬಾರ್ (ತಾಳದ ಒಂದು ಸುತ್ತು) 6/8ರ ಹಾಗೆ ಮೂರು ಮೂರಾಗಿ ಒಡೆಯುತ್ತದೆ, ಮುಂದಿನದು 3/4ರ ಹಾಗೆ ಎರಡು ಎರಡು ಎರಡಾಗಿ; ಹಾಡಿನ ತುಂಟತನವೆಲ್ಲ ಆ ಅದಲುಬದಲಿನಲ್ಲೇ ಇದೆ.

ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಬೇರೆ: 6/8ರಲ್ಲಿ ಎರಡೇ ಬೀಟ್ (ತಟ್ಟು) ಇರುವುದಾದರೆ ಮೇಲೆ 6 ಎಂದು ಬರೆಯುವುದೇಕೆ? ಕೆಳಗಿನ ಅಂಕೆ ಸೂಚಿಸುವುದು ಸ್ವರಚಿಹ್ನೆಯ ಬಗೆಯನ್ನು. 4 ಎಂದರೆ ಕ್ರಾಚೆಟ್, 8 ಎಂದರೆ ಅದರ ಅರ್ಧದಷ್ಟಿರುವ ಕ್ವೇವರ್. ಮೂರು ಕ್ವೇವರ್‌ಗಳ ಬೀಟ್‌ಗೆ ಚುಕ್ಕಿ ಇಟ್ಟ ಕ್ರಾಚೆಟ್ ಎಂಬ ಚಿಹ್ನೆಯೇನೋ ಇದೆ, ಆದರೆ ಅದನ್ನು ಹೇಳುವ ಪೂರ್ಣಾಂಕವಿಲ್ಲ. ಹೀಗಾಗಿ ಬೀಟನ್ನು ಬಿಟ್ಟು ಚೂರುಗಳನ್ನು ಎಣಿಸಿ 6/8 ಎಂದು ಬರೆಯುತ್ತಾರೆ. ನಮ್ಮ ಕರ್ನಾಟಕ ಸಂಗೀತದಲ್ಲಿ ಈ ಫಜೀತಿಯಿಲ್ಲ: ಆದಿತಾಳದ ಎಂಟು ಎಣಿಕೆಗಳನ್ನು ಹಾಗೆಯೇ ಇಟ್ಟುಕೊಂಡು ನಡೆಯನ್ನು ಚತುರಶ್ರದಿಂದ (ಎಣಿಕೆಗೆ ನಾಲ್ಕು ಚೂರು) ತಿಶ್ರಕ್ಕೆ (ಎಣಿಕೆಗೆ ಮೂರು) ಬದಲಿಸಬಹುದು, ಏಕೆಂದರೆ ಎಣಿಕೆಗೂ ಅದರ ಒಳಗಿನ ವಿಭಜನೆಗೂ ಅಲ್ಲಿ ಬೇರೆ ಬೇರೆ ಹೆಸರುಗಳಿವೆ. ಪಾಶ್ಚಾತ್ಯರಲ್ಲಿ ಜರ್ಮನ್ ಸಂಯೋಜಕ ಕಾರ್ಲ್ ಆರ್ಫ್ ಕೆಳಗಿನ ಅಂಕೆಯ ಜಾಗದಲ್ಲಿ ಸ್ವರಚಿಹ್ನೆಯನ್ನೇ ಬರೆದು ಈ ತೊಡಕನ್ನು ಬಿಡಿಸಿದ್ದುಂಟು. ಆದರೆ ಆ ಪದ್ಧತಿ ಎಲ್ಲೆಡೆ ರೂಢಿಗೆ ಬರಲಿಲ್ಲ.

ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ, ಮೇಲೆ 6, 9 ಅಥವಾ 12 ಕಂಡರೆ ಮೂರರಿಂದ ಭಾಗಿಸಿ, ಬಂದಷ್ಟು ಬೀಟ್ ಹಾಕಿ ಎನ್ನುತ್ತೇನೆ; ತೀರಾ ವಿಳಂಬವಾದ ಕೃತಿಯಾದರೆ ಮಾತ್ರ ಎಲ್ಲವನ್ನೂ ಎಣಿಸಬೇಕಾದೀತು. ಭಾಗಾಕಾರ ಮಾಡದೆ ಸಮಾಧಾನವಿಲ್ಲ ಎನ್ನುವವರು ಅಲ್ಲಿ ಮಾಡಿಕೊಳ್ಳಬಹುದು.